ತಪ್ಪು ಮನೆಯಲ್ಲಿ ಉಕ್ಕಿದ ಹಾಲು

ಮಸ್ಕತ್ತಿನಲ್ಲಿ ಯಾರಾದರೂ "ಇನ್ನೊಂದೇ ವರ್ಷ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕೆಳಗಿನ ಮನೆಯ ಗೃಹಸ್ಥರು ಹಾಗೆ ಅಂದುಕೊಂಡೇ ಅಲ್ಲಿಗೆ ಬಂದವರು. ಬಂದಾಗ ಅವರಿಗೆ ತಲೆತುಂಬ ಕೂದಲಿತ್ತು ಎನ್ನುವುದಕ್ಕೆ ಹಳೆಯ ಪಾಸ್‌ಪೋರ್ಟಿನ ಫೋಟೋ ಒಂದೇ ಸಾಕ್ಷಿ. ಹೀಗಿರುವಾಗ ನನ್ನ ಗಂಡ ಒಂದು ಸಂಜೆ ಚಹಾ ಕುಡಿಯುತ್ತ, "ನೀ ಮೊದ್ಲ ಹೋಗು, ನಾ ಇನ್ನೊಂದ ವರ್ಷ ಇದ್ದು ಬರ್ತೇನಿ" ಅಂದರು. ನಾನು ಬಿಸ್ಕಿಟ್ ಪೊಟ್ಟಣದ ಬಾಯಿ ಮಡಚಿ ಮೇಲಿನ ಕಪಾಟಿನಲ್ಲಿಟ್ಟೆ. ಆ ದಿನ ಅವರಿಗೆ ಎರಡನೇ ಬಿಸ್ಕಿಟ್ ಸಿಗಲಿಲ್ಲ.

ಹೋಗಬೇಕಾಗಿದ್ದದ್ದು ಭಾಲ್ಕಿಗೆ. ರಜೆಗೆ ಬಂದಾಗ ಬರೆದು ಮರೆತೇಬಿಟ್ಟಿದ್ದ ಪರೀಕ್ಷೆಯೊಂದರಲ್ಲಿ ನಾನು ಪಾಸಾಗಿ, 371ಜೆ ಮೀಸಲಾತಿಯ ಪುಣ್ಯದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸದ ಆದೇಶ ಬಂದಿತ್ತು. ನನ್ನ ತವರು ಔರಾದ ತಾಲ್ಲೂಕಿನ ಸಂತಪುರ, ಅವರದು ಬೀದರ ಶಹರ. ಭಾಲ್ಕಿ ಇಬ್ಬರಿಗೂ ಹೊಸ ಊರು. ನಾನು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅವರು ರೈಲಿನ ಕಿಟಕಿಯಿಂದ, ಅದೂ ನಿದ್ದೆಗಣ್ಣಿನಲ್ಲಿ. ಅದೇ ಆ ಊರಿನ ದೊಡ್ಡ ಗುಣ ಅಂತ ನನಗನ್ನಿಸಿತ್ತು. ಬೀದರಿನಲ್ಲಿ ಮನೆ ಮಾಡಿದ್ದರೆ ನನ್ನ ಅವ್ವ ಮುಖ ಊದಿಸಿಕೊಳ್ಳುತ್ತಿದ್ದಳು, ಔರಾದದಲ್ಲಿ ಮಾಡಿದ್ದರೆ ಅತ್ತೆ. ಭಾಲ್ಕಿಯಲ್ಲಾದರೆ ಇಬ್ಬರಿಗೂ ಸಮನಾದ ಅಸಮಾಧಾನ. ನಮಗೆ ಮಕ್ಕಳಿಲ್ಲ, ಆ ವಿಷಯ ಇಲ್ಲಿ ಬೇಡ. ಹೊರಡುವವರು ನಾವಿಬ್ಬರೇ, ಅದರಲ್ಲಿ ಒಬ್ಬರು ಹೊರಡುವುದಿಲ್ಲ ಅಂತ ಕೂತಿದ್ದರು.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಹತ್ತಿದವರೆಲ್ಲ ಮಹಡಿಯ ನಂಬರು ನೋಡುತ್ತ ನಿಲ್ಲುತ್ತಾರೆ, ಇವರು ಮಾತ್ರ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಾರೆ. ಎಷ್ಟೋ ಸಲ ಪರಿಚಯವಿಲ್ಲದ ಹೆಂಗಸರು ಇವರನ್ನು ನೋಡಿ ಮಕ್ಕಳನ್ನು ಹತ್ತಿರ ಎಳೆದುಕೊಂಡದ್ದುಂಟು. ಕಂಪನಿಯವರು ಇನ್ನೊಂದು ವರ್ಷದ ಕರಾರಿನ ಕಾಗದ ಕೊಟ್ಟಿದ್ದರು. ಅದು ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು, ಭಾನುವಾರ ಸಹಿ ಮಾಡಿ ಕೊಡಬೇಕಿತ್ತು. ಮೊಸರು ತೆಗೆಯಲು ಹೋದಾಗಲೆಲ್ಲ ಅದು ನನ್ನ ಮೂಗಿನ ಮುಂದೆಯೇ ಇರುತ್ತಿತ್ತು. ನಾನು ಮೊಸರು ತಿನ್ನುವುದನ್ನೇ ಕಡಿಮೆ ಮಾಡಿದೆ.

ಗಂಟುಮೂಟೆ ಕಟ್ಟುವ ಕೆಲಸ ಮಾತ್ರ ನಡೆದಿತ್ತು. ಸೂಟ್‌ಕೇಸ್ ತೂಗುವುದಕ್ಕೆ ನಮ್ಮದೊಂದು ಪದ್ಧತಿ. ನಾನು ಅದನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಬೇಕು, ಅವರು ಬಗ್ಗಿ ಅಂಕಿ ಓದಿ ಅದರಿಂದ ನನ್ನ ತೂಕ ಕಳೆಯಬೇಕು. ಯಾವ ಸೂಟ್‌ಕೇಸ್ ತೂಗಿದರೂ ನಾಲ್ಕು ಕಿಲೋ ಜಾಸ್ತಿಯೇ ಬರುತ್ತಿತ್ತು. ಕುಕ್ಕರ್ ತೆಗೆದೆ, ಇಸ್ತ್ರಿಪೆಟ್ಟಿಗೆ ತೆಗೆದೆ, ಅವ್ವನಿಗೆಂದು ಕೊಂಡ ಕಂಬಳಿ ತೆಗೆದೆ. ಮೂರನೇ ಸೂಟ್‌ಕೇಸಿಗೆ ಬಂದಾಗ ಅವರು ಮೆಲ್ಲಗೆ ಕೇಳಿದರು, "ನಿನ್ನ ತೂಕ ಐವತ್ತೆಂಟು ಅಂತ ಹೇಳಿದ್ದಿಯಲ್ಲ, ಅದು ಯಾವ ಕಾಲದ್ದು?"

"ಮದವಿ ಕಾಲದ್ದು," ಅಂದೆ.

ಕುಕ್ಕರ್ ಮತ್ತೆ ಒಳಗೆ ಹೋಯಿತು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನು ಅವರ ಸೂಟ್‌ಕೇಸ್ ಯಾವಾಗ ತುಂಬುವುದು ಅಂತ ಕೇಳಿದೆ. ಅವರು ಎದ್ದು ಬಾಲ್ಕನಿಗೆ ಹೋಗಿ ಒಣಗದ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡತೊಡಗಿದರು.

ಈ ಸಂಗತಿಯನ್ನು ನಾನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು. ಗಂಡ ಜೊತೆಗೆ ಬರುವುದಿಲ್ಲ ಅನ್ನುತ್ತಾನೆ ಅಂತ ಯಾವ ಬಾಯಿಂದ ಹೇಳುವುದು? ಊರಿನವರ ಲೆಕ್ಕದಲ್ಲಿ ಇಬ್ಬರೂ ಬರುತ್ತಿದ್ದೆವು, ಅದಕ್ಕೆ ತಕ್ಕಂತೆ ಅಲ್ಲಿ ತಯಾರಿ ನಡೆದಿತ್ತು. ಔರಾದದಲ್ಲಿ ಮಾಸ್ತರನಾಗಿರುವ ನನ್ನ ತಮ್ಮ ಭಾಲ್ಕಿಗೆ ಹೋಗಿ ಬಾಡಿಗೆ ಮನೆ ನೋಡಿ, ವಿಡಿಯೋ ಕಳಿಸಿ, ಮಾಲಕರ ಜೊತೆ ಮಾತು ಮುಗಿಸಿದ್ದ. ನಾವು ಬಂದಿಳಿಯುವ ವಾರಕ್ಕೆ ಆಷಾಢ ಶುರುವಾಗುತ್ತಿತ್ತು. ಆಷಾಢದಲ್ಲಿ ಹೊಸ ಮನೆ ಹೊಕ್ಕರೆ ಹೇಗೆ ಎಂದು ಎರಡೂ ಕಡೆಯ ಹಿರಿಯರು ಪರೇಶಾನಾದರು. ಕೊನೆಗೆ, ಅದಕ್ಕೆ ಮುಂಚೆಯೇ ಒಂದು ಶುಕ್ರವಾರ ಅವ್ವ ಮತ್ತು ಅತ್ತೆ ಕೂಡಿ ಹೋಗಿ ನಮ್ಮ ಪರವಾಗಿ ಹಾಲು ಉಕ್ಕಿಸಿ ಬರುವುದೆಂದು ತೀರ್ಮಾನವಾಯಿತು. ಹಾಲು ಉಕ್ಕಿಬಿಟ್ಟರೆ ಸಂಸಾರ ಮನೆ ಹೊಕ್ಕ ಹಾಗೆಯೇ, ಆಮೇಲೆ ನಾವು ಯಾವಾಗ ಬಂದರೂ ನಡೆಯುತ್ತದೆ.

ಅವರಿಬ್ಬರು ಕೂಡಿ ಹೋಗುವುದು ಸಣ್ಣ ಮಾತಲ್ಲ. ನಮ್ಮ ಮದುವೆಯಲ್ಲಿ ಗಂಡಿನ ಕಡೆಯ ಪಂಕ್ತಿಗೆ ಬಡಿಸಿದ ಶೇಂಗಾ ಹೋಳಿಗೆ ಮುರಿದಿದ್ದವು ಎಂದು ಅತ್ತೆ ಅಂದಿದ್ದರು. ಮುರಿದಿರಲಿಲ್ಲ, ತಿನ್ನುವವರು ಮುರಿದರು ಎಂದು ಅವ್ವ ಅಂದಿದ್ದಳು. ಅಲ್ಲಿಂದ ಒಂಬತ್ತು ವರ್ಷ ಇಬ್ಬರೂ ಎದುರಾದಾಗ "ಊಟಾತೇನ್ರಿ ಬೀಗ್ತಿ" ಎನ್ನುವುದರ ಆಚೆಗೆ ಹೋದದ್ದಿಲ್ಲ. ಅಂಥವರು ಆ ಶುಕ್ರವಾರ ಬೀದರ ಬಸ್‌ ನಿಲ್ದಾಣದಲ್ಲಿ ಕೂಡಿ ಒಂದೇ ಸೀಟಿನಲ್ಲಿ ಕೂತು ಭಾಲ್ಕಿಗೆ ಹೊರಟರು. ಅವ್ವನ ಕೈಚೀಲದಲ್ಲಿ ಸಂತಪುರದಿಂದ ತಂದ ಸಗಣಿಯ ಕುಳ್ಳು, ಅತ್ತೆಯ ಕೈಚೀಲದಲ್ಲಿ ಹಾಲು, ಸಕ್ಕರೆ, ಲೋಟಗಳು ಮತ್ತು ಹೊಸ ಪಾತ್ರೆ, ಕಂಕುಳಲ್ಲಿ ಒಂದು ಚಾಪೆ.

ತಮ್ಮನಿಗೆ ಅಂದು ಸಾಲೆಯಲ್ಲಿ ಪರೀಕ್ಷೆಯ ಕೆಲಸ. ಅವನು ಫೋನಿನಲ್ಲೇ ಪತ್ತೆ ಹೇಳಿದ್ದ: ನೀರಿನ ಟಾಕಿಯ ಎದುರು, ನೀಲಿ ಗೇಟು, ಮಾಲಕರು ಬಾಗಿಲು ತೆಗೆದಿಟ್ಟಿರುತ್ತಾರೆ. ಇಷ್ಟು ಸಾಕಿತ್ತು, ಸಂಶಯ ಬಂದಲ್ಲಿ ಯಾರನ್ನಾದರೂ ಕೇಳಿದ್ದರೆ. ಆದರೆ ಅವ್ವ ಪರಊರಿನಲ್ಲಿ ದಾರಿ ಕೇಳುವವಳಲ್ಲ. ಕೇಳಿದರೆ ಹಳ್ಳಿಯವರು ಅಂದುಕೊಳ್ಳುತ್ತಾರೆ ಎನ್ನುವುದು ಅವಳ ಅಳುಕು. ಅತ್ತೆಯೂ ಕೇಳುವವರಲ್ಲ. ಬೀದರ ಶಹರದವರು ಭಾಲ್ಕಿಯಲ್ಲಿ ದಾರಿ ಕೇಳಿದರೆ ಶಹರದ ಮರ್ಯಾದೆ ಏನಾಗಬೇಕು ಎನ್ನುವುದು ಅವರ ವಾದ. ಹೀಗೆ ಇಬ್ಬರೂ ತಮ್ಮ ತಮ್ಮ ಕಾರಣಕ್ಕೆ ಬಾಯಿ ಬಿಗಿದುಕೊಂಡು, ಟಾಕಿಯ ಎದುರಿಗೆ ಹೋಗಿ, ಮೊದಲು ಕಂಡ ನೀಲಿ ಗೇಟಿನೊಳಗೆ ನಡೆದರು. ಬಾಗಿಲು ತೆರೆದೇ ಇತ್ತು.

ಮಸ್ಕತ್ತಿನಲ್ಲಿ ಶುಕ್ರವಾರ ರಜೆ. ನಾವು ಸೋಫಾದ ಮೇಲೆ ಫೋನ್ ಹಿಡಿದು ಕೂತಿದ್ದೆವು. ನಾನು ಸೀರೆ ಉಟ್ಟಿದ್ದೆ, ಅವರು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಚಡ್ಡಿ. ಅವ್ವ ತನ್ನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೆಲದ ಮೇಲಿಟ್ಟಿದ್ದಳು. ಹಾಗಾಗಿ ನಮಗೆ ಕಂಡದ್ದು ಅಂಗಳದಿಂದ ಎತ್ತಿ ತಂದ ಮೂರು ಇಟ್ಟಿಗೆಯ ಒಲೆ, ಅವ್ವನ ಎರಡು ಕೈ, ಅತ್ತೆಯ ಒಂದು ಮೊಣಕಾಲು, ಒಂದಿಷ್ಟು ಕಿಟಕಿ.

"ತಮ್ಮನ ವಿಡಿಯೋದಾಗ ಕಿಟಕಿ ಬಲಕ್ಕಿತ್ತಲ್ಲರಿ," ಅಂದೆ ಗಂಡನಿಗೆ.

"ಫೋನಿನ್ಯಾಗ ಎಡ ಬಲ ಆಗ್ತದ," ಅಂದರು. ಮೆಕ್ಯಾನಿಕ್ ಅಂದ ಮೇಲೆ ನಂಬಬೇಕಾಯಿತು.

ಕುಳ್ಳು ಹೊತ್ತಿಕೊಂಡು ಹೊಗೆ ಎದ್ದಿತು. ಅವ್ವ ಹಾಲನ್ನು ಕಂಠದ ತನಕ ಸುರಿದಳು, ಬೇಗ ಉಕ್ಕಲಿ ಅಂತ. ಇದು ಮೋಸ ಎಂದು ಅತ್ತೆ ಒಂದು ಲೋಟದಷ್ಟು ವಾಪಸು ತೆಗೆದರು. ಅವ್ವ ಅವರ ಕಣ್ಣು ತಪ್ಪಿಸಿ ಮತ್ತೆ ಸುರಿದಳು. ಹಾಲು ಉಕ್ಕಿ ಒಲೆಯ ಒಂದು ಬದಿಗೆ ಹರಿಯಿತು. ಅದು ಪೂರ್ವ ಅಂದಳು ಅವ್ವ, ಉತ್ತರ ಅಂದರು ಅತ್ತೆ. ಸೂರ್ಯ ಎಲ್ಲಿದ್ದಾನೆ ಅಂತ ನೋಡಲು ಅತ್ತೆ ಎದ್ದು ಬಾಗಿಲಿಗೆ ಹೋದರು, ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದರು.

ನಮಗೆ ಕಂಡದ್ದು ಆಕೆಯ ಸೀರೆಯ ಅಂಚು ಮತ್ತು ಚಪ್ಪಲಿ, ಉಳಿದದ್ದೆಲ್ಲ ಆಮೇಲೆ ಅವ್ವ ಹೇಳಿದ್ದು. ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಬರ್ರಿ ಬರ್ರಿ," ಅಂದಳು ಅವ್ವ ಒಳಗಿನಿಂದ. "ಬಾಜೂ ಮನಿಯವ್ರೇನ್ರಿ? ಚಪ್ಪಲಿ ಅಲ್ಲೇ ಬಿಡ್ರಿ, ಈಗಷ್ಟ ಹಾಲು ಉಕ್ಕೇದ."

ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಅವ್ವ ಹಾಲಿಗೆ ಸಕ್ಕರೆ ಹಾಕಿ ಲೋಟ ಕೈಗೆ ಕೊಟ್ಟಳು. ಸಕ್ಕರೆ ಡಬ್ಬಿ ಜರುಗಿದ್ದರಿಂದ ಫೋನ್ ಸ್ವಲ್ಪ ಮಲಗಿತು, ಈಗ ನಮಗೆ ಮೇಲಿನ ಛತ್ತು ಮತ್ತು ಮೂವರ ಗದ್ದಗಳು ಕಾಣತೊಡಗಿದವು.

"ಹೊಸ ಬಣ್ಣಾ ಹಚ್ಯಾರಲ್ರಿ ಗ್ವಾಡಿಗೆ," ಅಂದರು ಆಕೆ, ಹೊಗೆ ಹಿಡಿದ ಗೋಡೆಯನ್ನೇ ನೋಡುತ್ತ.

"ಹಚ್ಯಾರ್ರಿ, ಆದ್ರ ಅಷ್ಟೇನ್ ಚಂದ ಇಲ್ಲ," ಅಂದಳು ಅವ್ವ. "ಮಗಳು ಬಂದ ಮ್ಯಾಲ ಬ್ಯಾರೆ ಹಚ್ಚಸ್ತಾಳ."

ಅತ್ತೆ ದನಿ ತಗ್ಗಿಸಿ ಕೇಳಿದರು, "ನೀವು ಬಾಜೂದಾಗ ಇರೋರು, ನಿಮಗ ಗೊತ್ತಿರ್ತದ. ಈ ಮನಿ ಮಾಲಕರು ಹ್ಯಾಂಗ ಅದಾರ್ರಿ? ಕಿರಿಕಿರಿ ಮಾಡೋರು ಅಲ್ಲಲ್ಲ?"

ಆಕೆ ಒಂದು ಗುಟುಕು ಹಾಲು ಕುಡಿದು ಯೋಚಿಸಿದರು. "ಮಂದಿ ಛಲೋ ಅದಾರಂತನೇ ಅಂತಾರ್ರಿ," ಅಂದರು. ಆಮೇಲೆ ಲೋಟ ಕೆಳಗಿಟ್ಟು, "ಇದು ನಂದೇ ಮನಿರಿ. ನಾ ಮ್ಯಾಲಿನ ಮನ್ಯಾಗ ಇರ್ತೇನಿ. ಬಣ್ಣ ಆರ್ಲಿ ಅಂತ ಬಾಗಲಾ ತಗದಿಟ್ಟು ಗಿರಣಿಗೆ ಹೋಗಿದ್ದೆ. ನೀವು ಯಾರ್ರಿ?" ಎಂದು ಕೇಳಿದರು.

ನನ್ನ ಗಂಡ ಸೋಫಾದಿಂದ ಎದ್ದು ನಿಂತರು. ನಾನು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ. ಮನೆಯ ಮಾಲಕಳನ್ನು ಅವಳದೇ ಮನೆಯಲ್ಲಿ ಚಪ್ಪಲಿ ಬಿಡಿಸಿ, ಅತಿಥಿಯಂತೆ ಕೂರಿಸಿ, ಅವಳು ಹಚ್ಚಿಸಿದ ಬಣ್ಣವನ್ನೇ ಹಳಿದಿದ್ದರು ನಮ್ಮ ಹಿರಿಯರು. ಅಷ್ಟರಲ್ಲಿ ಮಾತು ಕೇಳಿಸಿಕೊಂಡು ಇನ್ನೊಬ್ಬರು ಒಳಗೆ ಬಂದರು. ಪಕ್ಕದ ನೀಲಿ ಗೇಟಿನ ಮನೆಯ ನಿವೃತ್ತ ಮಾಸ್ತರರು, ಅಂದರೆ ನಾವು ನಿಜವಾಗಿ ಮಾತಾಡಿಕೊಂಡಿದ್ದ ಮನೆಯ ಮಾಲಕರು.

"ನಾ ಎಂಟಕ್ಕ ಬಾಗಲಾ ತಗದು, ಚಾ ಮಾಡಸಿಟ್ಟು ಕುಂತೇನ್ರಿ. ನೀವು ಇಲ್ಲಿ ಅದೀರಿ," ಅಂದರು ಅವರು. ಕೋಪವಿರಲಿಲ್ಲ, ದುಃಖವಿತ್ತು. ಎರಡು ಗೇಟಿಗೂ ಒಂದೇ ಡಬ್ಬಿಯ ಬಣ್ಣ ಹಚ್ಚಿದ್ದು ತಮ್ಮದೇ ತಪ್ಪು ಅಂತಲೂ ಅಂದರು. ಅವ್ವ ಅವರಿಗೂ ಒಂದು ಲೋಟ ಹಾಲು ಕೊಟ್ಟಳು. ತಪ್ಪು ಮಾಡಿದಾಗ ಅವ್ವನಿಗೆ ತಿಳಿದಿರುವುದು ಅದೊಂದೇ ದಾರಿ.

ಮಾಸ್ತರರೇ ಪರಿಹಾರ ಹೇಳಿದರು. "ಇನ್ನಾ ಹಾಲು ಉಳದಾವಲ್ರಿ. ನಮ್ಮ ಮನ್ಯಾಗ ಇನ್ನೊಮ್ಮಿ ಉಕ್ಕಸ್ರಿ, ಮುಗೀತು."

"ಬ್ಯಾಡ್ರಿ," ಅಂದಳು ಅವ್ವ ತಟ್ಟನೆ. "ಒಂದ ದಿನ ಎರಡ ಮನ್ಯಾಗ ಹಾಲು ಉಕ್ಕಸಿದ್ರ ಸಂಸಾರ ಎರಡಾಗ್ತದ. ಗಂಡ ಒಂದ ಕಡಿ, ಹೆಂಡ್ತಿ ಒಂದ ಕಡಿ."

"ಖರೇ ಅದ," ಅಂದರು ಅತ್ತೆ. ಒಂಬತ್ತು ವರ್ಷದಲ್ಲಿ ಅವರು ಅವ್ವನ ಮಾತೊಂದನ್ನು ಒಪ್ಪಿದ್ದು ಅದೇ ಮೊದಲು.

ನಾನು ಗಂಡನ ಕಡೆ ನೋಡಲಿಲ್ಲ. ಅವರೂ ನೋಡಲಿಲ್ಲ. ಅಲ್ಲಿ ನಾಲ್ವರು ಹಿರಿಯರು ನಾವು ಬೇರೆಯಾಗಬಾರದೆಂದು ಒಂದು ಪಾತ್ರೆ ಹಾಲಿನ ಸುತ್ತ ಕೂತು ಚಿಂತೆ ಮಾಡುತ್ತಿದ್ದರು. ಇಲ್ಲಿ ಭಾನುವಾರ ಬೆಳಿಗ್ಗೆ ಕರಾರಿನ ಕಾಗದದ ಮೇಲಿನ ಒಂದು ಸಹಿಯಲ್ಲಿ ಅದು ಆಗಿಹೋಗುವುದಿತ್ತು. ನನಗೆ ಸಿಟ್ಟು ಬಂತು. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದವಳು ಫೋನಿಗೆ ಬಗ್ಗಿ, "ಉಕ್ಕಸ್ರಿ ಅವ್ವಾ, ಎಷ್ಟ ಮನ್ಯಾಗ ಬೇಕೋ ಅಷ್ಟ ಮನ್ಯಾಗ ಉಕ್ಕಸ್ರಿ. ಹ್ಯಾಂಗೂ ಇವ್ರು ನನ್ನ ಕೂಡ ಬರಂಗಿಲ್ಲ," ಅಂದುಬಿಟ್ಟೆ.

ಫೋನ್ ಚಾಲೂ ಇದ್ದದ್ದನ್ನು ಅವರೆಲ್ಲ ಮರೆತಿದ್ದರು. ದನಿ ಎಲ್ಲಿಂದ ಬಂತೆಂದು ಮಾಸ್ತರರು ಕಿಟಕಿಯ ಹೊರಗೆ ಇಣುಕಿ ನೋಡಿದರು. ಅತ್ತೆ ಫೋನನ್ನು ಎತ್ತಿಕೊಂಡರು. ಮೊದಲು ಅವರ ಕಿವಿ ಕಂಡಿತು, ಆಮೇಲೆ ಮುಖ.

"ಏನಂತಾಳಿಕಿ?" ಎಂದು ಮಗನನ್ನು ಕೇಳಿದರು.

"ಹಂಗಲ್ಲ ಆಯಿ. ಇನ್ನೊಂದ ವರ್ಷ ಅಷ್ಟ."

ಈಗ ಅತ್ತೆ ಮಗನ ಪರ ನಿಲ್ಲುತ್ತಾರೆ ಅಂತಲೇ ನಾನು ತಿಳಿದಿದ್ದೆ. ಜಗಳಕ್ಕೆ ತಯಾರಾಗಿ ಸೆರಗು ಸಹ ಸಿಕ್ಕಿಸಿಕೊಂಡಿದ್ದೆ. ಅತ್ತೆ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. "ನಿಮ್ಮಪ್ಪ ಪುಣೆಕ್ಕ ಕೆಲಸಕ್ಕ ಹೋಗುಮುಂದ ಒಂದ ವರ್ಷ ಅಂದಿದ್ದ," ಅಂದರು. "ಆಗ ನೀ ನನ್ನ ಹೊಟ್ಟ್ಯಾಗಿದ್ದಿ. ಅಂವ ತಿರುಗಿ ಬರಾಗ ನೀ ಸಾಲ್ಯಾಗ ನಾಕನೇತ್ತ ಇದ್ದಿ. ಬಾಗಲದಾಗ ನಿಂತು, ಯಾರ ಬೇಕಾಗಿತ್ರಿ ಅಂತ ಅವನ್ನೇ ಕೇಳ್ದಿ."

ಅತ್ತೆ ಅಳಲಿಲ್ಲ, ದನಿಯೂ ಏರಲಿಲ್ಲ. ಊರಿನ ಸುದ್ದಿ ಹೇಳಿದಷ್ಟೇ ಸರಳವಾಗಿ ಹೇಳಿದ್ದರು. ಈ ಕಥೆ ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಅವರು ಚಡ್ಡಿಯ ಮೇಲಿನ ಇಸ್ತ್ರಿ ಅಂಗಿಯಲ್ಲಿ ನಿಂತೇ ಇದ್ದರು, ಕಣ್ಣು ಕೆಂಪಾಗಿತ್ತು.

"ಆಯಿ, ಭಾಲ್ಕಿಯಾಗ ಲಿಫ್ಟ್ ಎಲ್ಲಿ ಅವ?" ಅಂದರು ಕೊನೆಗೆ. "ಇಕಿ ಡ್ಯೂಟಿಗೆ ಹೋಗ್ತಾಳ. ನಾ ಮನ್ಯಾಗ ಕುಂತು ಏನ್ ಮಾಡ್ಲಿ? ಅಲ್ಲಿ ನನ್ನ ಕೆಲಸ ಯಾರಿಗೆ ಬೇಕಾಗೇದ?"

ಮೂರು ವಾರದಿಂದ ನಾನು ಅವರ ಮೇಲೆ ಎಷ್ಟೆಲ್ಲ ಅನುಮಾನ ಪಟ್ಟಿದ್ದೆ. ಸಂಬಳದ ಆಸೆ ಅಂದುಕೊಂಡಿದ್ದೆ, ನನ್ನ ಮೇಲೆ ಬೇಸರ ಅಂದುಕೊಂಡಿದ್ದೆ. ಯಾಕೆ ಅಂತ ಒಂದೇ ಒಂದು ಸಲ ನೆಟ್ಟಗೆ ಕೇಳಿದ್ದರೆ ಆಗುತ್ತಿತ್ತು. ನಾನೂ ಅವ್ವನ ಮಗಳೇ, ದಾರಿ ಕೇಳುವ ಅಭ್ಯಾಸ ನನಗೂ ಇಲ್ಲ.

ಆಗ ಮನೆಯ ಮಾಲಕಳು ಅತ್ತೆಯ ಭುಜದ ಪಕ್ಕದಿಂದ ಪರದೆಯೊಳಗೆ ಬಂದರು. ಅವರ ಮುಖ ನಾವು ನೋಡಿದ್ದು ಆಗಲೇ. ಹಣೆಯ ಮೇಲೆ ಗಿರಣಿಯ ಹಿಟ್ಟು ಹತ್ತಿತ್ತು.

"ಲಿಫ್ಟ್ ಅಂದ್ರ ಮಶೀನ್ ಅಲ್ಲೇನ್ರಿ?" ಎಂದು ಕೇಳಿದರು.

"ಹೌದ್ರಿ, ಮಶೀನ."

"ನಮ್ಮ ಮಿಕ್ಸಿ ಸುದ್ದಾ ಮಶೀನ ಅದ. ಇಬ್ಬರು ಬಿಚ್ಚಿ ಜೋಡಸ್ಯಾರ. ಜೋಡಸಿದ ಮ್ಯಾಲ ಇಬ್ಬರ ಕೈಯಾಗೂ ಒಂದೊಂದ ಸ್ಕ್ರೂ ಉಳದಾವ. ಅವ್ನ ಡಬ್ಬ್ಯಾಗ ಹಾಕಿ ಇಟ್ಟೀನಿ. ಮಿಕ್ಸಿ ಮಾತ್ರ ನಡಿಯಂಗಿಲ್ಲ."

ಗಂಡನ ಹುಬ್ಬು ಗಂಟಾಯಿತು. ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಸಪ್ಪಳ ಹ್ಯಾಂಗ ಬರ್ತದ್ರಿ?" ಎಂದು ಕೇಳಿದರು.

ಆಕೆ ಸ್ವಲ್ಪ ಸಂಕೋಚಪಟ್ಟು, ಸೆರಗು ಸರಿಮಾಡಿಕೊಂಡು, "ಘುಂಯ್ಯ್... ಕಟ ಕಟ ಕಟ... ಘುಂಯ್" ಅಂದರು.

"ಕಟ ಕಟ ಮೊದಲಿಂದನ ಬರ್ತದೋ, ಭಾಂಡಿ ಇಟ್ಟ ಮ್ಯಾಲ ಬರ್ತದೋ?"

"ಭಾಂಡಿ ಇಟ್ಟ ಮ್ಯಾಲರಿ."

"ಅಲ್ಲ, ಮೊದ್ಲಿಂದನೂ ಬರ್ತದ," ಅಂದರು ಮಾಸ್ತರರು ಹಿಂದಿನಿಂದ. ಪಕ್ಕದ ಮನೆಯ ಮಿಕ್ಸಿಯ ಸದ್ದನ್ನು ದಿನಾ ಬೆಳಿಗ್ಗೆ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ತಾವೇ ಒಮ್ಮೆ ಮಾಡಿ ತೋರಿಸಿದರು. ಅವರದರಲ್ಲಿ ಘುಂಯ್ ಕಡಿಮೆ, ಕಟ ಕಟ ಹೆಚ್ಚು. ಹಾಗಲ್ಲ ಹೀಗೆ ಎಂದು ಮಾಲಕಳು ತಿದ್ದಿದರು. ಇದೇ ಸಮಯವೆಂದು ಅವ್ವ ಸಂತಪುರದ ಬೋರಿನ ಮೋಟರು ಹೇಗೆ ನರಳುತ್ತದೆ ಅಂತ ಶುರುಮಾಡಿದಳು. ಅತ್ತೆ ಅವಳ ಕೈ ಹಿಡಿದು, "ತಡೀರಿ ಬೀಗ್ತಿ, ಮೊದ್ಲ ಮಿಕ್ಸಿ ಮುಗೀಲಿ," ಅಂದರು. ಹಾಲು ಉಕ್ಕಿದ ಮನೆಯನ್ನು ಬಿಟ್ಟು ಹೋಗಬೇಡಿ, ಇದನ್ನೇ ಬಾಡಿಗೆಗೆ ಕೊಡುತ್ತೇನೆ, ಆದರೆ ಬರುವುದಾದರೆ ಇಬ್ಬರೂ ಬನ್ನಿ ಎಂದು ಮಾಲಕಳು ನಡುವೆ ಒಂದು ಮಾತು ಸೇರಿಸಿದರು. ಮಾಸ್ತರರೂ ಅದಕ್ಕೆ ತಲೆಯಾಡಿಸಿ, ತಮ್ಮ ಮನೆಗೆ ಬೇರೆ ಯಾರಾದರೂ ಬಂದಾರು ಅಂದರು. ನನ್ನ ಗಂಡನಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಅವರ ಕಿವಿ ಫೋನಿಗೆ ಅಂಟಿತ್ತು, ಕಣ್ಣು ಮುಚ್ಚಿತ್ತು.

"ಬಿಚ್ಚಬ್ಯಾಡ್ರಿ ಅದನ್ನ," ಅಂದರು. "ಇನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ. ಆ ಎರಡೂ ಸ್ಕ್ರೂ ತಗದು ಇಡ್ರಿ, ಹೊಸ್ತಿಲ ಆಚಿ ಹೋಗಬಾರ್ದು. ನಾ ಇಕಿ ಕೂಡ ಬರ್ತೇನಲ್ಲ, ಬಂದ ದಿನಾನೇ ನೋಡ್ತೇನಿ."

ತಾವು ಏನಂದರು ಎನ್ನುವುದು ಅವರಿಗೇ ತಿಳಿಯಲಿಲ್ಲ. ಆ ಕಡೆಯ ನಾಲ್ವರಿಗೂ ತಿಳಿದಂತೆ ಕಾಣಲಿಲ್ಲ, ಅವರು ಕಟ ಕಟದ ವಾದದಲ್ಲಿದ್ದರು. ಕೇಳಿಸಿಕೊಂಡವಳು ನಾನೊಬ್ಬಳು. ಏನಾದರೂ ಅಂದರೆ ಮಾತು ವಾಪಸು ಹೋದೀತು ಎಂದು ಹೆದರಿ, ಉಸಿರು ಬಿಡದೆ ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟುಕೊಂಡು ಮನಸ್ಸು ಬಿಚ್ಚಿ ಅತ್ತುಬಿಟ್ಟೆ. ಹೊರಗೆ ಸೋಫಾದ ಪಕ್ಕ ನಿಂತು ನನ್ನ ಗಂಡ, "ಹಿಂಗೇನ್ರಿ? ಘುಂಯ್ಯ್, ಕಟ ಕಟ?" ಎಂದು ಭಾಲ್ಕಿಯ ಮಿಕ್ಸಿಯ ಹಾಗೆ ಕೂಗಿ ಕೂಗಿ ಕೇಳುತ್ತಿದ್ದರು.